ಹುಳದ ಸಾಕ್ಷಿ

ಸುಳ್ಳು ಹೇಳಿದವರ ಗಿಡಕ್ಕೆ ಹುಳ ಬೀಳುತ್ತದೆ.

ಸೋಗೆಪುರ ಎಂಬ ರಾಜ್ಯದಲ್ಲಿ ಒಂದು ಕಾಲಕ್ಕೆ ಎಲ್ಲರೂ ಇದನ್ನು ನಂಬಿದ್ದರು. ರಾಜ ನಂಬಿದ್ದ. ಅಂಬಿಗ ನಂಬಿದ್ದ. ಅಗಸನ ಕತ್ತೆಗೆ ಮಾತು ಬರುತ್ತಿದ್ದರೆ ಅದೂ ಹೌದು ಹೌದು ಎನ್ನುತ್ತಿತ್ತು. ಚಿಟ್ಟೆಯ ವಿಷಯ ಬೇರೆ. ಚಿಟ್ಟೆ ಸ್ವರ್ಗದಿಂದ ಇಳಿಯುತ್ತದೆ, ಸತ್ಯವಂತರ ಅಂಗಳಕ್ಕೇ ಬರುತ್ತದೆ ಎನ್ನುತ್ತಿದ್ದರು. ಚಿಟ್ಟೆ ಸ್ವರ್ಗದಿಂದ ಇಳಿಯುವುದನ್ನು ಕಂಡವರಿರಲಿಲ್ಲ. ಹುಳ ಸುಳ್ಳಿನಿಂದ ಹುಟ್ಟುವುದನ್ನು ಕಂಡವರೂ ಇರಲಿಲ್ಲ. ಆ ರಾಜ್ಯದಲ್ಲಿ ನೋಡುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ನಂಬುವುದಕ್ಕೆ ಬೇಕಾದಷ್ಟು ಪುರುಸೊತ್ತಿತ್ತು.

ನಗಬೇಡಿ ಮಕ್ಕಳೇ. ಇದು ನಗುವ ಕತೆಯಲ್ಲ.

ಅಲ್ಲಿ ಇಬ್ಬರ ನಡುವೆ ಜಗಳವಾದರೆ, ಕಣ್ಣಾರೆ ಕಂಡವರು ಯಾರೂ ಇಲ್ಲದಿದ್ದರೆ, ಹುಳದ ಸಾಕ್ಷಿ ಕೇಳುವ ಪದ್ಧತಿಯಿತ್ತು. ಅರಮನೆಯಿಂದ ಇಬ್ಬರಿಗೂ ಒಂದೊಂದು ಕರಿಬೇವಿನ ಕುಂಡ ಬರುತ್ತಿತ್ತು. ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಅದು ಅವರವರ ಅಂಗಳದಲ್ಲಿರಬೇಕು. ಬೆಳಿಗ್ಗೆ ಎದ್ದು ಮಧ್ಯಾಹ್ನದವರೆಗೆ ಅದರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಕೈಚಳಕ ಮಾಡದಂತೆ ಒಬ್ಬ ಕಾವಲುಗಾರ ಹಗಲೂ ರಾತ್ರಿ ಅಲ್ಲೇ ಇರುತ್ತಿದ್ದ. ಆಮೇಲೆ ಕುಂಡಗಳು ಆಸ್ಥಾನಕ್ಕೆ ಹೋಗುತ್ತಿದ್ದವು. ಯಾರ ಗಿಡದಲ್ಲಿ ಹುಳವಿದೆಯೋ ಅವರು ಸುಳ್ಳುಗಾರರು. ಅವರ ಮುಖಕ್ಕೆ ಮಸಿ ಬಳಿದು ಹೊಳೆ ದಾಟಿಸುತ್ತಿದ್ದರು. ದೋಣಿ ದಡ ಬಿಟ್ಟ ಕೂಡಲೇ ಹುಳವಿದ್ದ ಗಿಡವನ್ನು ಸುಡುತ್ತಿದ್ದರು. ಹೋದವರು ತಿರುಗಿ ಬರುವಂತಿರಲಿಲ್ಲ.

ಹುಳ ಬೆಳೆದು ಏನಾಗುತ್ತದೆಂದು ಯಾರಾದರೂ ನೋಡಬಹುದಿತ್ತಲ್ಲ ಎನ್ನುತ್ತೀರಿ. ಎಲ್ಲಿ ನೋಡುವುದು? ಆಸ್ಥಾನದ ಹುಳವನ್ನು ಸುಡುತ್ತಿದ್ದರು. ಮನೆಯ ಹಿತ್ತಲಲ್ಲಿ ಹುಳ ಕಂಡರೆ, ಪಕ್ಕದ ಮನೆಯವಳು ಇಣುಕುವ ಮೊದಲೇ ಮೆಟ್ಟಿ ಒರೆಸಿಬಿಡುತ್ತಿದ್ದರು. ಮರ್ಯಾದಸ್ಥರ ಊರು ಅದು.

ಈ ಸಾಕ್ಷಿಯನ್ನು ಓದಿ ಹೇಳುವವನು ಸಾಕ್ಷಿಪಂಡಿತ ತ್ರಿಲೋಚನ. ಅವನ ಅಪ್ಪ ಅದೇ ಕೆಲಸ ಮಾಡಿದ್ದ, ಅಜ್ಜ ಅದೇ ಕೆಲಸ ಮಾಡಿದ್ದ. ಹುಳದ ಮೇಲೆ ಅವನಿಗೆ ಬಾಯಿಪಾಠವಾದ ಶ್ಲೋಕಗಳು ಲೆಕ್ಕವಿಲ್ಲದಷ್ಟಿದ್ದವು. ಒಂದು ಹುಳವನ್ನಾದರೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದವನಲ್ಲ. ಅಸಹ್ಯವಂತೆ.

ಮೊದಲು ಒಬ್ಬ ನೇಕಾರ ಬಂದ. ಸೀರೆ ನಾನು ನೇಯ್ದದ್ದು ಎಂದ. ಗಿಡಕ್ಕೆ ಹುಳ ಬಿತ್ತು. ಅವನನ್ನು ಹೊಳೆ ದಾಟಿಸಿದರು.

ಆಮೇಲೆ ಕಾಳವ್ವ ಎಂಬ ಹೆಂಗಸು ಬಂದಳು. ಕರು ನನ್ನ ಹಸುವಿನದು ಎಂದಳು. ನನ್ನ ಹಸುವಿನದು ಎಂದ ಪಕ್ಕದ ಮನೆಯ ಸಾಹುಕಾರ. ಕರುವಿನ ಹಗ್ಗ ಬಿಚ್ಚಿ ಬಿಟ್ಟಿದ್ದರೆ ಅದು ನೆಟ್ಟಗೆ ತಾಯಿಯ ಕೆಚ್ಚಲಿಗೆ ಬಾಯಿ ಹಾಕುತ್ತಿತ್ತು, ನ್ಯಾಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಶಾಸ್ತ್ರದಲ್ಲಿರಲಿಲ್ಲ. ಕುಂಡ ತರಿಸಿದರು. ಕಾಳವ್ವನ ಗಿಡಕ್ಕೆ ಹುಳ ಬಿತ್ತು.

ಕಾಳವ್ವನಿಗೆ ಹಾಲವ್ವ ಎಂಬ ಮಗಳಿದ್ದಳು. ಆಗಿನ್ನೂ ಲಂಗದ ಹುಡುಗಿ. ಹೊಳೆದಡದಲ್ಲಿ ಮಸಿ ಬಳಿದ ಮುಖದ ತಾಯಿ ಅವಳನ್ನು ಹತ್ತಿರ ಕರೆದಳು.

"ಹಾಲೀ, ಕರು ನಮ್ಮದೇ ಕಣೇ."

"ಹಾಗಾದರೆ ಗಿಡಕ್ಕೆ ಹುಳ ಯಾಕೆ ಬಿತ್ತು?" ಎಂದು ಕೇಳಿದಳು ಹಾಲವ್ವ.

ದೋಣಿ ಹೊರಟಿತು. ಹುಡುಗಿ ಮುಖ ತಿರುಗಿಸಿಕೊಂಡು ನಿಂತಿದ್ದಳು. ಸುತ್ತಲಿದ್ದವರು ಎಂಥ ಒಳ್ಳೆಯ ಹುಡುಗಿ ಎಂದು ತಲೆ ಸವರಿದರು.

ಹಾಲವ್ವ ಬೆಳೆದಳು, ಮದುವೆಯಾದಳು. ಸುಳ್ಳುಗಾರ್ತಿಯ ಮಗಳು ಎನ್ನಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ ನಿಜವನ್ನೇ ಹೇಳಿದಳು. ಬೀಗರ ಮನೆಯ ಊಟಕ್ಕೆ ಹೋದರೆ, "ಹೋಳಿಗೆ ಹಳಸಿದೆ" ಎಂದುಬಿಡುವಳು. ಕೂಸನ್ನು ತೋರಿಸಿದರೆ, "ಮೂಗು ಅಪ್ಪನದೇ, ಪಾಪ" ಎನ್ನುವಳು. ಊರಿನಲ್ಲಿ ಅವಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ತಾಯಿಯ ಹೆಸರನ್ನು ಅವಳು ಬಾಯಿಗೆ ತರುತ್ತಿರಲಿಲ್ಲ. ತಾಯಿಯಿಂದ ಅವಳಿಗೆ ಉಳಿದದ್ದು ಒಂದೇ ಅಭ್ಯಾಸ. ಬೆಳಿಗ್ಗೆ ಎದ್ದು, ಹುಳಿ ಮಜ್ಜಿಗೆಗೆ ನೀರು ಬೆರೆಸಿ, ಕರಿಬೇವಿನ ಬುಡಕ್ಕೆ ಹೊಯ್ಯುವುದು. ಅದು ಕಾಳವ್ವನದೆಂದು ಅವಳಿಗೆ ನೆನಪೂ ಇರಲಿಲ್ಲ.

ಅವಳ ಗಂಡ ತೀರಿಹೋದ. ಸಾಯುವಾಗ, "ಮನೆಯ ಈ ಅರ್ಧ ನಿನ್ನದು, ಬಾವಿಯೂ ನಿನ್ನದು" ಎಂದು ಹೇಳಿ ಹೋದ. ಕೇಳಿಸಿಕೊಂಡವಳು ಅವಳೊಬ್ಬಳೇ. ತಿಥಿ ಊಟದ ಎಲೆ ಎತ್ತುವ ಮೊದಲೇ ಮೈದುನ ಕೊಟ್ರಪ್ಪ ಶುರು ಮಾಡಿದ.

"ಅತ್ತಿಗೆ, ಅಣ್ಣ ಎಲ್ಲವನ್ನೂ ನನಗೇ ಬಿಟ್ಟು ಹೋದ. ನಿಮಗೆ ಹೇಳಲಿಲ್ಲವೇ?"

"ನನಗೆ ಬೇರೆಯೇ ಹೇಳಿದ."

"ಜ್ವರದಲ್ಲಿ ಏನೇನೋ ಅಂದಿರಬೇಕು."

"ಜ್ವರ ಬಂದದ್ದು ಅವನಿಗೆ. ನನಗಲ್ಲ."

ಮಾತು ಬೆಳೆಯಿತು. ಕುಂಡಗಳು ಬಂದವು.

ಮನೆಗೆ ಎರಡು ಭಾಗ, ಅಂಗಳಕ್ಕೆ ನಡುವೆ ಮೊಣಕಾಲೆತ್ತರದ ಗೋಡೆ. ಈಚೆ ಹಾಲವ್ವನ ಕುಂಡ, ಆಚೆ ಕೊಟ್ರಪ್ಪನ ಕುಂಡ. ಹಾಲವ್ವನ ಪಕ್ಕದಲ್ಲಿ ಬೊಮ್ಮಯ್ಯ ಎಂಬ ಕಾವಲುಗಾರ. ಅವಳಿಗೆ ಹೆದರಿಕೆಯಿರಲಿಲ್ಲ. ಸುಳ್ಳು ಹೇಳಿಲ್ಲ, ಹುಳ ಎಲ್ಲಿಂದ ಬರಬೇಕು? ದಿನಾ ಮಜ್ಜಿಗೆ ನೀರು ಹೊಯ್ದಳು. ಗಿಡ ಚಿಗುರಿ ನಿಂತಿತು. ಆಚೆ ಕೊಟ್ರಪ್ಪ ನೀರು ಮುಟ್ಟಿಸಿದ್ದನ್ನೇ ಅವಳು ಕಾಣಲಿಲ್ಲ. ಅವನ ಹಾಲು ಕೊಡುವ ಎಮ್ಮೆಯೂ ಕೊಟ್ಟಿಗೆಯಲ್ಲಿ ಕಾಣಲಿಲ್ಲ. ಕೇಳಿದವರಿಗೆ, "ನೆಂಟರ ಮನೆಗೆ ಕಳಿಸಿದ್ದೀನಿ" ಎನ್ನುತ್ತಿದ್ದ. ಎಮ್ಮೆಯನ್ನು ನೆಂಟರ ಮನೆಗೆ ಯಾರು ಕಳಿಸುತ್ತಾರೆ?

ಮಾತಾಡುವಂತಿಲ್ಲ, ಏಳುವಂತಿಲ್ಲ. ಹಾಲವ್ವ ಹುಟ್ಟಿದಾಗಿನಿಂದ ಹಾಗೆ ಸುಮ್ಮನೆ ಹೊರಗೆ ಕೂತವಳಲ್ಲ. ಬೇರೇನೂ ಇಲ್ಲದ್ದಕ್ಕೆ ಗಿಡವನ್ನೇ ನೋಡಿದಳು.

ಮೊದಲ ಸಲ ಒಂದು ಚಿಟ್ಟೆ ಬಂತು. ಕಪ್ಪು ಚಿಟ್ಟೆ, ರೆಕ್ಕೆಯ ಅಂಚಿಗೆ ಬಿಳಿ ಬೊಟ್ಟುಗಳ ಸಾಲು. ಬೊಮ್ಮಯ್ಯ ಎದ್ದು ಕೈಮುಗಿದ. "ಗೆದ್ದಿರಿ ಅಮ್ಮ" ಎಂದು ಪಿಸುಗುಟ್ಟಿದ. ಹಾಲವ್ವನಿಗೂ ಹಿಗ್ಗಾಯಿತು.

ಎರಡನೆಯ ಸಲ ಬಂದಾಗ ಅವಳು ಇನ್ನೂ ಹತ್ತಿರದಿಂದ ನೋಡಿದಳು. ಚಿಟ್ಟೆ ಕೂರಲಿಲ್ಲ. ರೆಕ್ಕೆ ಬಡಿಯುತ್ತಲೇ ಚಿಗುರೆಲೆ ಹಿಡಿದು, ಹೊಟ್ಟೆ ಬಾಗಿಸಿ ಎಲೆಗೆ ತಾಗಿಸಿತು. ಇನ್ನೊಂದು ಎಲೆ. ಮತ್ತೆ ತಾಗಿಸಿತು.

ಮೂರನೆಯ ಸಲ, ಅದು ಹಾರಿಹೋದ ಮೇಲೆ, ಮುಖ ಬಗ್ಗಿಸಿ ಎಲೆಯ ಅಡಿ ನೋಡಿದಳು. ಸಾಸಿವೆಗಿಂತ ಸಣ್ಣದೊಂದು ಕಾಳು ಅಂಟಿಕೊಂಡಿತ್ತು. ಹಳದಿ ಬಣ್ಣ, ದುಂಡಗೆ.

ಕೆಲವು ದಿನ ಕಳೆದು ಕಾಳು ಒಡೆಯಿತು. ಒಳಗಿಂದ ಹುಳ ಬಂತು.

ಮೊದಮೊದಲು ಅದು ಹಕ್ಕಿಯ ಹಿಕ್ಕೆಯಂತಿತ್ತು. ಬೊಮ್ಮಯ್ಯನಿಗೆ ಗೊತ್ತಾಗಲಿಲ್ಲ. ಹಾಲವ್ವನಿಗೆ ಗೊತ್ತಾಯಿತು. ಕೈ ತಾನಾಗಿ ಎಲೆಯ ಕಡೆ ಹೋಯಿತು, ಹೊಸಕಿ ಹಾಕಲು. ಬೊಮ್ಮಯ್ಯ ಕೆಮ್ಮಿದ. ಕೈ ಹಿಂದೆ ಬಂತು.

ಆಮೇಲೆ ಅವಳು ಮಾಡಿದ್ದನ್ನು ಕೇಳಿ. ತನ್ನನ್ನೇ ಅನುಮಾನಿಸಿದಳು. ಗಂಡ ಹಾಗೆ ಹೇಳಿದ್ದು ನಿಜವೇ? ಬಾವಿ ಎಂದನೋ, ಬೇರೇನೋ ಎಂದನೋ? ಆಸೆಗೆ ಬಿದ್ದು ತಪ್ಪು ಕೇಳಿಸಿಕೊಂಡೆನೇ? ಕಿವಿಯಲ್ಲಿ ಕೇಳಿದ ಮಾತನ್ನು ಒಂದು ಹುಳಕ್ಕಾಗಿ ಬಿಟ್ಟುಕೊಡಲು ಅವಳು ತಯಾರಾದಳು. ಆ ಊರು ತನ್ನ ಜನರನ್ನು ಬೆಳೆಸಿದ್ದು ಹಾಗೆ.

ಆದರೆ ಚಿಟ್ಟೆ ಮತ್ತೆ ಬಂತು. ಅವಳ ಕಣ್ಣೆದುರೇ ಇನ್ನೊಂದು ಕಾಳು ಇಟ್ಟು ಹೋಯಿತು. ಅದರ ಪಕ್ಕದಲ್ಲೇ, ಅಂಥದೇ ಒಡೆದ ಸಿಪ್ಪೆ, ಅದರ ಪಕ್ಕದಲ್ಲಿ ಹುಳ.

ಹಾಲವ್ವ ನಿಯಮ ಮುರಿದು ಮಾತಾಡಿದಳು. "ಬೊಮ್ಮಯ್ಯ, ನೀನು ಎಷ್ಟೋ ಕುಂಡ ಕಾದಿದ್ದೀಯ. ಹುಳ ಬಿದ್ದ ಗಿಡಗಳಿಗೆ ಮೊದಲು ಚಿಟ್ಟೆ ಬಂದಿತ್ತಾ?"

"ಮಾತಾಡಬಾರದಮ್ಮ."

"ಬಂದಿತ್ತಾ?"

ಅವನು ಅತ್ತಿತ್ತ ನೋಡಿದ. "ಬರ್ತಾವೆ. ಬಂದು ಹೋಗ್ತಾವೆ. ನನ್ನ ಕೆಲಸ ನಿಮ್ಮ ಕೈ ನೋಡೋದು. ಹುಳ ನೋಡೋದಲ್ಲ."

"ನನ್ನ ತಾಯಿಯ ಗಿಡಕ್ಕೂ?"

"ಅದು ನಮ್ಮಪ್ಪ ಕಾದಿದ್ದ ಗಿಡ. ಬಂದಿತ್ತು ಅಂತ ಮನೆಯಲ್ಲಿ ಹೇಳ್ತಿದ್ದ. ಪಾಪದ ಹೆಂಗಸು, ಚಿಟ್ಟೆ ಬಂದರೂ ಸೋತಳು ಅಂತಿದ್ದ."

ಆ ದಿನದಿಂದ ಹಾಲವ್ವನ ಮೈಯಲ್ಲಿ ಇಳಿಯದ ಒಂದು ಸಿಟ್ಟು ಹತ್ತಿಕೊಂಡಿತು. ಕೊಟ್ರಪ್ಪನ ಮೇಲೆ ಮಾತ್ರವಲ್ಲ. ಪಂಡಿತನ ಮೇಲೆ, ಬೊಮ್ಮಯ್ಯನ ಅಪ್ಪನ ಮೇಲೆ, ತಲೆ ಸವರಿದವರ ಮೇಲೆ. ಹೊಳೆದಡದಲ್ಲಿ ಮುಖ ತಿರುಗಿಸಿ ನಿಂತ ಲಂಗದ ಹುಡುಗಿಯ ಮೇಲೆ ಎಲ್ಲಕ್ಕಿಂತ ಹೆಚ್ಚು.

ಹುಣ್ಣಿಮೆ ಬಂತು. ಕುಂಡಗಳನ್ನು ಆಸ್ಥಾನದಲ್ಲಿಟ್ಟರು. ಪಂಡಿತ ಮೂಗಿಗೆ ಶಲ್ಯ ಹಿಡಿದು, ಬೆಳ್ಳಿ ಕಡ್ಡಿಯಿಂದ ಹಾಲವ್ವನ ಗಿಡವನ್ನು ತಿವಿದ. ಆ ಹೊತ್ತಿಗೆ ಹುಳಗಳು ಹಸಿರಾಗಿ, ಕಿರುಬೆರಳಷ್ಟು ದಪ್ಪವಾಗಿದ್ದವು. ತಿವಿದ ಕೂಡಲೇ ಒಂದು ಹುಳ ತಲೆಯಿಂದ ಕೆಂಪು ಕೋಡು ಚಾಚಿತು. ಕೊಳೆತ ನಿಂಬೆಹಣ್ಣಿನ ವಾಸನೆ ಬಂತು. ಪಂಡಿತ ಹಿಂದಕ್ಕೆ ಹಾರಿದ.

"ನೋಡಿ ಮಹಾಪ್ರಭು. ಸುಳ್ಳಿನ ನಾತ."

"ಕೊಟ್ರಪ್ಪನ ಗಿಡದಲ್ಲಿ ಎಲೆಯೇ ಇಲ್ಲ" ಎಂದಳು ಹಾಲವ್ವ. "ಹುಳ ಬಂದು ಏನು ತಿನ್ನಬೇಕು ಪಂಡಿತರೇ, ಕುಂಡವನ್ನೇ?"

"ಹುಳ ಇದೆಯೋ ಇಲ್ಲವೋ ಎಂದಷ್ಟೇ ಶಾಸ್ತ್ರ ಕೇಳುತ್ತದೆ. ಎಲೆಯ ವಿಚಾರ ಕೇಳುವುದಿಲ್ಲ."

ತೀರ್ಪಾಯಿತು. ಆದರೆ ಮಳೆಗಾಲ. ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಂಬಿಗ ಬಂದು, ಮುಂದಿನ ಹುಣ್ಣಿಮೆಗೆ ಮೊದಲು ದೋಣಿ ಬಿಡಲಾಗದು ಎಂದ. ಸುಳ್ಳುಗಾರರನ್ನು ಮುಳುಗಿಸಬಹುದು, ತನ್ನನ್ನು ಮುಳುಗಿಸಬೇಡಿ ಎಂದ.

ಹಾಲವ್ವ ರಾಜನ ಕಡೆ ತಿರುಗಿದಳು. "ಮಹಾಪ್ರಭು, ಒಂದು ಬೇಡಿಕೆ. ದೋಣಿ ಹೊರಡುವವರೆಗೆ ಈ ಗಿಡವನ್ನು, ಹುಳಗಳ ಸಮೇತ, ಬಿದಿರಿನ ಪಂಜರದಲ್ಲಿಟ್ಟು ಸುತ್ತ ಬಟ್ಟೆ ಹೊಲಿಸಿ. ಗಂಟಿಗೆ ನಿಮ್ಮ ಮುದ್ರೆ ಒತ್ತಿ. ಹಾಲವ್ವ ಹುಳ ಆರಿಸಿ ಹಾಕಿ ತಪ್ಪಿಸಿಕೊಂಡಳು ಎಂದು ನಾಳೆ ಯಾರೂ ಅನ್ನಬಾರದು."

ಪಂಡಿತನಿಗೆ ಬಹಳ ಖುಷಿಯಾಯಿತು. "ತಪ್ಪಿತಸ್ಥೆಯಾದರೂ ಶಾಸ್ತ್ರದ ಮೇಲೆ ಭಕ್ತಿಯಿದೆ" ಎಂದ. ರಾಜ ಹೊಸದಾಗಿ ಮಾಡಿಸಿದ್ದ ಮುದ್ರೆಯುಂಗುರವನ್ನು ಬಿಸಿ ಅರಗಿನ ಮೇಲೆ ತಾನೇ ಒತ್ತಿದ. ಅಂಥ ಕೆಲಸವೆಂದರೆ ಅವನಿಗೆ ಇಷ್ಟ.

ಹಾಲವ್ವನನ್ನು ಕುದುರೆ ಲಾಯದ ಪಕ್ಕದ ಕೋಣೆಯಲ್ಲಿ ಕೂಡಿಹಾಕಿದರು. ಅಲ್ಲಿ ಅವಳಿಗೆ ಭಯವಾಯಿತು. ಚಿಟ್ಟೆಯ ಮೊಟ್ಟೆಯಿಂದ ಹುಳ ಬಂದದ್ದನ್ನು ಅವಳು ಕಂಡಿದ್ದಳು. ಹುಳ ಮುಂದೆ ಏನಾಗುತ್ತದೆಂದು ಕಂಡಿರಲಿಲ್ಲ. ಸುಮ್ಮನೆ ಸತ್ತುಹೋದರೆ? ಮನೆ ಹೋಯಿತು, ಮುಖಕ್ಕೆ ಮಸಿಯಾಯಿತು, ತಾಯಿಯ ಹೆಸರಿನ ಮಸಿಯೂ ಹಾಗೇ ಉಳಿಯಿತು. ಆದರೂ ಅವಳು ಆ ಕರುವನ್ನು ನೆನೆಸಿಕೊಂಡಳು. ಹಸುವಿನ ಕರು ಬೆಳೆದು ನರಿಯಾಗುವುದಿಲ್ಲ. ತಾಯಿ ಏನೋ, ಕೂಸು ಕೊನೆಗೆ ಅದೇ ಆಗಬೇಕು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಲೋಕದಲ್ಲಿ ಚಿಟ್ಟೆಗಳೇ ಇರುತ್ತಿರಲಿಲ್ಲ.

ಹೊಳೆ ಇಳಿಯಿತು. ದೋಣಿ ದಡಕ್ಕೆ ಬಂತು. ಊರಿಗೆ ಊರೇ ನೆರೆಯಿತು. ಮಸಿಯ ಬಟ್ಟಲು ಒಂದು ಕಡೆ, ಪಂಜರ ಇನ್ನೊಂದು ಕಡೆ.

"ಮಸಿ ಬಳಿಯುವ ಮೊದಲು ಪಂಡಿತರಿಗೆ ಮೂರು ಮಾತು ಕೇಳುತ್ತೇನೆ" ಎಂದಳು ಹಾಲವ್ವ.

"ಕೇಳು, ಕೇಳು" ಎಂದ ಪಂಡಿತ. ಎದುರಿಗೆ ಅಷ್ಟು ಜನರಿರುವಾಗ ಅವನು ಏನನ್ನೂ ಬೇಡವೆನ್ನುವವನಲ್ಲ.

"ಹುಳ ಹುಟ್ಟುವುದು ಎಲ್ಲಿಂದ?"

"ಸುಳ್ಳಿನಿಂದ. ಬೇರೆ ಹುಟ್ಟೇ ಇಲ್ಲ ಅದಕ್ಕೆ."

"ಚಿಟ್ಟೆ ಬರುವುದು ಎಲ್ಲಿಂದ?"

"ಸ್ವರ್ಗದಿಂದ. ಸತ್ಯವಂತರಿದ್ದಲ್ಲಿಗೆ."

"ರಾಜಮುದ್ರೆ ಒಡೆಯದೆ ಈ ಪಂಜರದೊಳಗೆ ಏನಾದರೂ ನುಗ್ಗಲು ಸಾಧ್ಯವೇ?"

ಪಂಡಿತ ರಾಜನ ಕಡೆ ನೋಡಿ ತಲೆಬಾಗಿದ. "ಸ್ವರ್ಗದ ದೇವತೆಗಳಿಗೂ ಸಾಧ್ಯವಿಲ್ಲ. ಸಾಧ್ಯವೆಂದು ಹೇಳಿದವರನ್ನು ಹೊಳೆ ದಾಟಿಸಬೇಕು."

"ಸರಿ. ಮಹಾಪ್ರಭು, ನಿಮ್ಮ ಮುದ್ರೆ ನೋಡಿಕೊಳ್ಳಿ. ಬಿಚ್ಚಿ."

ರಾಜ ಮುದ್ರೆಯ ಮೇಲೆ ಬೆರಳಾಡಿಸಿದ. ಎಲ್ಲೂ ಬಿರುಕಿರಲಿಲ್ಲ. ಅರಗು ಒಡೆದು ಬಟ್ಟೆ ಸರಿಸಿದ.

ಕಪ್ಪು ಚಿಟ್ಟೆಗಳು ಹೊರಬಂದವು. ರೆಕ್ಕೆಯ ಅಂಚಿಗೆ ಬಿಳಿ ಬೊಟ್ಟುಗಳ ಸಾಲು. ಒಂದು ರಾಜನ ತೋಳ ಮೇಲೆ ಕೂತು, ರೆಕ್ಕೆ ಬಿಚ್ಚಿ ಮುಚ್ಚಿ, ಹಾರಿತು. ಒಂದು ಮಸಿಯ ಬಟ್ಟಲಿನ ಅಂಚಿಗೆ ಕೂತಿತು. ಒಳಗೆ ಹುಳಗಳಿರಲಿಲ್ಲ. ಕಡ್ಡಿಗಳಿಗೆ ಒಂದು ಎಳೆ ನೂಲಿನಿಂದ ಕಟ್ಟಿಕೊಂಡ ಬರೀ ಸಿಪ್ಪೆಗಳಿದ್ದವು, ಮುದುರಿದ ಎಲೆಯಂತೆ, ಬೆನ್ನು ಸೀಳಿಕೊಂಡು.

ಜನ ಮುಂದೆ ನುಗ್ಗಿ ಪಂಜರದೊಳಗೆ ಇಣುಕಿದರು.

ರಾಜ ಅಷ್ಟೇನೂ ಚುರುಕಿನವನಲ್ಲ. ಆದರೆ ಮುದ್ರೆಯ ವಿಷಯದಲ್ಲಿ ಅವನನ್ನು ಯಾರೂ ಮೋಸಗೊಳಿಸುವಂತಿರಲಿಲ್ಲ. "ಪಂಡಿತರೇ," ಎಂದ, "ಇವು ಹೊರಗಿಂದ ನುಗ್ಗಿದವೇ?"

"ಇಲ್ಲ ಪ್ರಭು. ಅದು ಹೇಗೆ ಸಾಧ್ಯ?"

"ಹಾಗಾದರೆ ಹುಳವೇ ಚಿಟ್ಟೆಯಾಯಿತೇ?"

"ಅದು... ಶಾಸ್ತ್ರದಲ್ಲಿಲ್ಲ."

"ಶಾಸ್ತ್ರದಲ್ಲಿಲ್ಲ. ನನ್ನ ತೋಳ ಮೇಲಿತ್ತು."

ಪಂಡಿತ ಪಂಜರದಿಂದ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ, "ಮಾಟ ಪ್ರಭು, ಇವಳು ಮಾಟಗಾತಿ" ಎಂದ. ಉತ್ತರ ಗೊತ್ತಿಲ್ಲದ ಪಂಡಿತರು ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ.

"ಮಾಟ ನನ್ನ ಗಿಡದಲ್ಲಿಲ್ಲ" ಎಂದಳು ಹಾಲವ್ವ. "ಕೊಟ್ರಪ್ಪನ ಗಿಡ ಯಾಕೆ ಒಣಗಿತು, ಅದನ್ನು ಕೇಳಿ. ಕೊಟ್ರ, ನಿಜ ಹೇಳು. ಸುಳ್ಳು ಹೇಳಿದರೆ ದೋಣಿ ಇಲ್ಲೇ ಇದೆ."

ಕೊಟ್ರಪ್ಪ ದೋಣಿಯನ್ನು ನೋಡಿದ, ಮಸಿಯನ್ನು ನೋಡಿದ, ಪಂಡಿತನನ್ನು ನೋಡಿದ. ರಾಜನ ಕಾಲಿಗೆ ಬಿದ್ದ.

"ನೀರು ಹಾಕಬೇಡ ಅಂದವರು ಪಂಡಿತರೇ ಪ್ರಭು. ಒಣಗಿದ ಗಿಡಕ್ಕೆ ಹುಳ ಬೀಳಲ್ಲ, ತಮ್ಮಪ್ಪನ ಕಾಲದಿಂದಲೂ ಬಿದ್ದಿಲ್ಲ ಅಂದರು. ನನ್ನ ಎಮ್ಮೆ ಅವರ ಕೊಟ್ಟಿಗೆಯಲ್ಲಿದೆ. ಬೇಕಾದರೆ ಕರೆಸಿ, ಹೆಸರು ಹಿಡಿದು ಕೂಗಿದರೆ ಬರುತ್ತದೆ."

ಕರೆಸಿದರು. ಎಮ್ಮೆ ಬಂತು. ಕೊಟ್ರಪ್ಪನ ಭುಜ ನೆಕ್ಕಿತು. ಆ ರಾಜ್ಯದಲ್ಲಿ ಮೊಟ್ಟಮೊದಲ ಬಾರಿಗೆ ಒಂದು ಪ್ರಾಣಿಯ ಸಾಕ್ಷಿಯನ್ನು ಸರಿಯಾಗಿ ಕೇಳಿದ್ದು ಅಂದು.

ಮಸಿ ಪಂಡಿತನ ಮುಖಕ್ಕೆ ಹೋಯಿತು. ಮನೆ, ಬಾವಿ ಹಾಲವ್ವನಿಗೆ ಬಂದವು. ಎಮ್ಮೆ ಅರಮನೆಗೆ ಸೇರಿತು, ಕೊಟ್ರಪ್ಪ ಅದರ ಸಗಣಿ ಬಾಚಲು ನಿಂತ. ಜನ ಜೈಕಾರ ಹಾಕಿದರು. ಹುಳವನ್ನು ಸುಡಲು ಕೊಳ್ಳಿ ಹಿಡಿದು ಬಂದಿದ್ದವರೇ ಹಾಕಿದರು, ಕೊಳ್ಳಿ ಇನ್ನೂ ಕೈಯಲ್ಲೇ ಇತ್ತು.

"ಇನ್ನೇನು ಬೇಕು ತಾಯಿ, ಕೇಳು" ಎಂದ ರಾಜ.

"ಹೊಳೆ ದಾಟಿಸಿದವರನ್ನೆಲ್ಲ ಕರೆಸಿ."

ರಾಜ ಕಿರೀಟ ಸರಿಮಾಡಿಕೊಂಡ. "ಅದೆಲ್ಲ ನಮ್ಮ ತಂದೆಯವರ ಕಾಲದ್ದು. ಆಗಿದ್ದು ಆಗಿಹೋಯಿತು. ಆಗ ಎಲ್ಲರೂ ಹಾಗೆ ನಂಬಿದ್ದೆವು."

"ಹೌದು" ಎಂದಳು ಹಾಲವ್ವ. "ನಾನೂ ನಂಬಿದ್ದೆ."

ಅವಳು ಅಪ್ಪಣೆ ಕೇಳದೆ ಹೋಗಿ ದೋಣಿ ಹತ್ತಿದಳು. ಪಂಡಿತ ಆಗಲೇ ಅದರಲ್ಲಿ ಕೂತಿದ್ದ, ಮಸಿ ಮುಖದಲ್ಲಿ. ಹೊಳೆಯ ನಡುವೆ ಅವನು, "ಹುಳಕ್ಕೆ ರೆಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ" ಎಂದ. ಅವಳು ಆಚೆ ದಡವನ್ನೇ ನೋಡುತ್ತಿದ್ದಳು.

ಆಚೆ ದಡದಲ್ಲಿ ಒಂದು ಹಟ್ಟಿಯಿತ್ತು. ಮಸಿ ಬಳಿಸಿಕೊಂಡವರೆಲ್ಲ ಸೇರಿ ಕಟ್ಟಿಕೊಂಡ ಹಟ್ಟಿ. ಮನೆಮನೆಗೆ ಕರಿಬೇವಿನ ಮರ, ಮರಗಳ ಮೇಲೆ ಹುಳ, ಅಂಗಳದ ತುಂಬ ಚಿಟ್ಟೆ. ಹುಳ ಕಂಡರೆ ಅಲ್ಲಿ ಯಾರೂ ಮೆಟ್ಟುತ್ತಿರಲಿಲ್ಲ. ಬಚ್ಚಿಡುವ ಮಾನ ಅವರಿಗೆ ಉಳಿದಿರಲಿಲ್ಲ.

ಸೀರೆ ನನ್ನದೆಂದು ಹೇಳಿ ಹೋದ ನೇಕಾರ ಇನ್ನೂ ಬದುಕಿದ್ದ. ಹಣ್ಣು ಹಣ್ಣು ಮುದುಕ. ಅವನು ಹಾಲವ್ವನನ್ನು ಒಂದು ಮರದ ಹತ್ತಿರ ಕರೆದುಕೊಂಡು ಹೋದ.

"ಕಾಳವ್ವ ನೆಟ್ಟಿದ್ದು. ಅವಳು ಹೋಗಿ ಬಹಳ ವರ್ಷವಾಯಿತು ಮಗಳೇ."

"ಏನಾದರೂ ಹೇಳುತ್ತಿದ್ದಳಾ?"

"ಹೊಸಬರು ಯಾರೇ ದೋಣಿ ಇಳಿದು ಬರಲಿ, ಓಡಿಹೋಗಿ ಒಂದೇ ಮಾತು ಕೇಳುತ್ತಿದ್ದಳು. ಕರು ನಮ್ಮದೇ ಆಗಿತ್ತಲ್ಲ, ನನ್ನ ಗಿಡಕ್ಕೆ ಹುಳ ಯಾಕೆ ಬಿತ್ತು? ಯಾರಿಗೂ ಗೊತ್ತಿರಲಿಲ್ಲ. ಕೊನೆಕೊನೆಗೆ, ನಾನೇ ಸುಳ್ಳು ಹೇಳಿದೆನೇನೋ ಎನ್ನುತ್ತಿದ್ದಳು."

ಹಾಲವ್ವ ಆ ಮರದ ಬುಡದಲ್ಲಿ ನಿಂತಳು. ಆಗ ಅವಳಿಗೆ ನೆನಪಾಯಿತು. ಹಳೆಯ ಮನೆಯ ಅಂಗಳ, ಅರಮನೆಯ ಕುಂಡ, ತಾನು ಒಂದು ಗುಟುಕು ಕುಡಿಯುವ ಮೊದಲೇ ಚೊಂಬಿನಲ್ಲಿ ಹುಳಿ ಮಜ್ಜಿಗೆ ಕದಡುತ್ತಿದ್ದ ತಾಯಿಯ ಕೈ. ಬೀದಿಯಲ್ಲೆಲ್ಲ ಅಷ್ಟು ಹಸಿರಾದ ಗಿಡ ಇನ್ನೊಂದಿರಲಿಲ್ಲ.

ಮಕ್ಕಳೇ, ಈ ಕತೆಯ ನೀತಿ ಇಷ್ಟೇ. ಒಬ್ಬರ ಮುಖಕ್ಕೆ ಮಸಿ ಬಳಿಯುವ ಮೊದಲು ಕಣ್ಣು ಬಿಟ್ಟು ನೋಡಿ. ಎಲ್ಲರೂ ನಂಬಿದ್ದರು ಎನ್ನುವುದು ಯಾವ ಪಾಪಕ್ಕೂ ಮಾಫಿಯಲ್ಲ. ಅರ್ಥವಾಗಲಿಲ್ಲವೆಂದರೆ, ಹೋಗಿ ಒಂದು ಗಿಡದ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ.

ಇನ್ನು ಕಾಳವ್ವನ ಪ್ರಶ್ನೆ. ಅವಳ ಗಿಡಕ್ಕೆ ಹುಳ ಯಾಕೆ ಬಿತ್ತು?

ಅವಳು ಅದಕ್ಕೆ ನೀರು ಹಾಕಿದ್ದಳು.